ವಿಮಾನಶಾಸ್ತ್ರ ಪದವೀಧರರೂ ಅವರ ವೃತ್ತಿಮಾರ್ಗವೂ

ಹೊಸ ವಿದ್ಯೆಯೊಂದು ಒಂದು ನಾಡಿನಲ್ಲಿ ಬೇರೂರಬೇಕಾದರೆ ಅದನ್ನು ಕಲಿಸುವ ಪೀಠವೊಂದಿದ್ದರೆ ಸಾಲದು. ಕಲಿತವನಿಗೆ ತಕ್ಕ ಕೆಲಸವನ್ನು ಕೊಡುವ ಆಶ್ರಯವೂ ಬೇಕು. ಸಂಗೀತ, ಶಿಲ್ಪ, ವೈದ್ಯಗಳಿಗೆ ಅರಮನೆ ಗುರುಮನೆಗಳು ಇಂತಹ ಆಶ್ರಯವನ್ನಿತ್ತುದು ಕರ್ಣಾಟಕದ ಇತಿಹಾಸವನ್ನು ಬಲ್ಲವರಿಗೆ ವಿದಿತವೇ ಆಗಿದೆ. ಬೆಂಗಳೂರಿಗೆ ಬಂದ ವಿಮಾನಶಾಸ್ತ್ರದ ವಿಷಯದಲ್ಲಿ ವಿಶೇಷವೇನೆಂದರೆ, ಆಶ್ರಯವು ಮೊದಲು ಬಂದಿತು, ವಿದ್ಯೆಯು ಅದರ ಬೆನ್ನಿಗೆ ಬಂದಿತು. ಈ ಕ್ರಮದ ಗುಣವೂ ದೋಷವೂ ಪದವೀಧರರ ಬಾಳಿನಲ್ಲಿ ಅಚ್ಚೊತ್ತಿವೆ.

1940ನೆಯ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರ ಸಾಹಸದಿಂದ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯು ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಮೈಸೂರು ಸರ್ಕಾರವು ಭೂಮಿಯನ್ನಿತ್ತು ಪಾಲುದಾರನಾಯಿತು. ಯುದ್ಧದ ಒತ್ತಡದಲ್ಲಿ ಭಾರತ ಸರ್ಕಾರವು 1942ರಲ್ಲಿ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಮರುವರ್ಷ ಕಾರ್ಖಾನೆಯು ಅಮೆರಿಕದ ವಾಯುದಳದ ದುರಸ್ತಿಕೇಂದ್ರವಾಯಿತು. ಕಾರ್ಖಾನೆಯಿತ್ತು, ಕೆಲಸವೂ ಇತ್ತು; ವಿಮಾನವನ್ನು ಶಾಸ್ತ್ರೀಯವಾಗಿ ಬಲ್ಲ ಭಾರತೀಯರು ಮಾತ್ರ ವಿರಳರಾಗಿದ್ದರು.

ಈ ಕೊರತೆಯನ್ನು ತುಂಬಲೆಂದು 1942ನೆಯ ಡಿಸೆಂಬರಿನಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರ ವಿಭಾಗವು ಆರಂಭವಾಯಿತು. ಜರ್ಮನಿಯ ಗಟಿಂಗೆನ್ನಿನಲ್ಲಿ ಪ್ರಾಂಟ್ಲರ ಶಿಷ್ಯರಾಗಿದ್ದ ಡಾ. ವಿ. ಎಂ. ಘಾಟಗೆಯವರು ಅದರ ಹೊಣೆಯನ್ನು ಹೊತ್ತರು. ಮುಂದೆ ಅವರೇ ಕಾರ್ಖಾನೆಯ ವಿನ್ಯಾಸಶಾಖೆಯನ್ನು ನಡೆಸಿದರು. ಅವರ ನೇತೃತ್ವದಲ್ಲಿ ರಚಿತವಾದ ಎಚ್.ಟಿ.-2 ಎಂಬ ಶಿಕ್ಷಣವಿಮಾನವು 1951ರ ಆಗಸ್ಟಿನಲ್ಲಿ ಹಾರಿತು. ಪಾಠಶಾಲೆಗೂ ಕಾರ್ಖಾನೆಗೂ ನಡುವೆ ಒಬ್ಬನೇ ಪುರುಷನು ಹೀಗೆ ಸೇತುವೆಯಾದುದು ಆ ಕಾಲದ ಭಾಗ್ಯ.

1949ರಲ್ಲಿ ಸ್ಥಾಪಿತವಾದ ಮದರಾಸು ತಂತ್ರಶಾಸ್ತ್ರ ಸಂಸ್ಥೆಯಲ್ಲಿಯೂ ಈ ವಿದ್ಯೆಯ ಬೋಧನೆಯು ನಡೆಯಿತು. ಆದರೆ ಕಲಿತವನ ಮುಂದೆ ತೆರೆದಿದ್ದ ಬಾಗಿಲುಗಳು ಕೆಲವೇ. ಕಾರ್ಖಾನೆ, ವಾಯುಸೇನೆ, ಸರ್ಕಾರದ ತಾಂತ್ರಿಕ ಇಲಾಖೆಗಳು — ಮೂರಕ್ಕೂ ಯಜಮಾನನು ಸರ್ಕಾರವೇ. ವಿಮಾನಸಾರಿಗೆಯೂ 1953ರಲ್ಲಿ ರಾಷ್ಟ್ರೀಕೃತವಾಯಿತು; ಅಲ್ಲಿ ಹಾರಾಟಕ್ಕೆ ಮುನ್ನ ವಿಮಾನವು ಸುಸ್ಥಿತಿಯಲ್ಲಿದೆಯೆಂದು ರುಜು ಹಾಕುವ ಅಧಿಕಾರವು ಪದವಿಯಿಂದ ಬರುವುದಲ್ಲ, ಪ್ರತ್ಯೇಕ ಪರೀಕ್ಷೆಯ ಮೂಲಕ ಪಡೆಯುವ ಸರ್ಕಾರಿ ಪರವಾನಿಗೆಯಿಂದ ಬರುವುದು. ಪದವೀಧರನ ಮಾರ್ಗವೂ ಪರವಾನಿಗೆಯವನ ಮಾರ್ಗವೂ ಬೇರೆಬೇರೆಯೆಂಬುದನ್ನು ಅರಿಯದೆ ನಿರಾಶರಾದವರು ಇಂದಿಗೂ ಉಂಟು.

ಮದರಾಸಿನಲ್ಲಿ ಓದಿದ ಎ. ಪಿ. ಜೆ. ಅಬ್ದುಲ್ ಕಲಾಮರ ಚರಿತ್ರೆಯು ಇದಕ್ಕೆ ನಿದರ್ಶನ. ಅವರು ಬೆಂಗಳೂರಿನ ಕಾರ್ಖಾನೆಯಲ್ಲಿ ತರಬೇತಿ ಪಡೆದು, ಎರಡು ಕಡೆ ಅರ್ಜಿ ಹಾಕಿದರು. ಡೆಹರಾಡೂನಿನಲ್ಲಿ ವಾಯುಸೇನೆಯು ಇಪ್ಪತ್ತೈದು ಮಂದಿಯನ್ನು ಪರೀಕ್ಷಿಸಿ ಎಂಟು ಮಂದಿಯನ್ನು ಆರಿಸಿತು. ಕಲಾಮರದು ಒಂಬತ್ತನೆಯ ಸ್ಥಾನ. ಉಳಿದ ಬಾಗಿಲು ರಕ್ಷಣಾಖಾತೆಯ ತಾಂತ್ರಿಕ ನಿರ್ದೇಶನಾಲಯ. 1958ರಲ್ಲಿ ಅಲ್ಲಿ ಸೇರಿದವರು ಕೆಲವೇ ವರ್ಷಗಳಲ್ಲಿ ವಿಮಾನವನ್ನು ಬಿಟ್ಟು ರಾಕೆಟ್ಟಿನ ಕಡೆಗೆ ಹೋದರು.

ಹೀಗೆ ಹೊರಳಿದವರು ಅವರೊಬ್ಬರೇ ಅಲ್ಲ. ಅದರ ಕಾರಣವು ಕಾರ್ಖಾನೆಯ ಇತಿಹಾಸದಲ್ಲಿದೆ. ಜರ್ಮನಿಯ ಕುರ್ಟ್ ಟಾಂಕರ ಮುಂದಾಳ್ತನದಲ್ಲಿ ನಿರ್ಮಿತವಾದ ‘ಮಾರುತ’ ಯುದ್ಧವಿಮಾನವು 1961ರ ಜೂನ್ 17ರಂದು ಹಾರಿತು. ಅದಕ್ಕೆ ತಕ್ಕ ಬಲವುಳ್ಳ ಎಂಜಿನ್ ದೊರೆಯಲಿಲ್ಲ. ಅತ್ತ ಮಿಗ್-21ರಂತಹ ಪರದೇಶದ ವಿಮಾನಗಳನ್ನು ಅನುಮತಿ ಪಡೆದು ಇಲ್ಲಿ ತಯಾರಿಸುವ ಪದ್ಧತಿಯು ಬಲವಾಯಿತು. ಇಂತಹ ತಯಾರಿಕೆಗೆ ಬೇಕಾದವನು ಬಂದ ನಕ್ಷೆಯನ್ನು ನಿಷ್ಠೆಯಿಂದ ಅನುಸರಿಸುವವನು. ನಕ್ಷೆಯನ್ನು ಮೊದಲಿನಿಂದ ರಚಿಸುವವನಲ್ಲ. ಸ್ವದೇಶದ ವಿನ್ಯಾಸವೆನ್ನಬಹುದಾದ ಮತ್ತೊಂದು ಯುದ್ಧವಿಮಾನವಾದ ‘ತೇಜಸ್’ ಹಾರಿದುದು 2001ರ ಜನವರಿ 4ರಂದು. ಮಾರುತದ ವರ್ಷ ಪದವಿ ಪಡೆದ ತರುಣನು ಅಷ್ಟರಲ್ಲಿ ನಿವೃತ್ತನಾಗಿದ್ದನು. ಒಂದು ಪೀಳಿಗೆಯ ವಿನ್ಯಾಸಕೌಶಲಕ್ಕೆ ತಕ್ಕ ಕೆಲಸ ಸಿಕ್ಕದೆ ಹೋದುದರ ನಷ್ಟವು ಸಾಮಾನ್ಯವಾದುದಲ್ಲ.

ಆದರೆ ವಿದ್ಯೆಯು ಬತ್ತಲಿಲ್ಲ. ಬೇರೆ ಕಾಲುವೆಗಳನ್ನು ಹಿಡಿದು ಹರಿಯಿತು. 1959ರಲ್ಲಿ ದೆಹಲಿಯಲ್ಲಿ ಆರಂಭವಾದ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯು ಮರುವರ್ಷ ಬೆಂಗಳೂರಿಗೆ ಬಂದು, ಜಯಮಹಲ್ ರಸ್ತೆಯಲ್ಲಿ ಮೈಸೂರು ಅರಸರ ಅರಮನೆಯ ಕುದುರೆಲಾಯದಲ್ಲಿ ನೆಲೆಯೂರಿತು. ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರವನ್ನು ಬೋಧಿಸಿದ ಸತೀಶ್ ಧವನರು 1972ರಿಂದ ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರಾದರು. ಕನ್ನಡದಲ್ಲಿ ವಿಜ್ಞಾನಗ್ರಂಥಗಳನ್ನು ರಚಿಸಿದ ಆರ್. ಎಲ್. ನರಸಿಂಹಯ್ಯನವರ ಪುತ್ರರಾದ ರೊದ್ದಂ ನರಸಿಂಹರು ಮೈಸೂರು ವಿಶ್ವವಿದ್ಯಾನಿಲಯದ ಪದವಿ ಪಡೆದು, ಧವನರಲ್ಲಿ ಕಲಿತು, ಕ್ಯಾಲಿಫೋರ್ನಿಯಕ್ಕೆ ಹೋಗಿ ಹಿಂತಿರುಗಿ ಅಧ್ಯಾಪಕರಾದರು. 1984ರಿಂದ 1993ರ ವರೆಗೆ ಅದೇ ಪ್ರಯೋಗಶಾಲೆಯ ನಿರ್ದೇಶಕರಾಗಿದ್ದರು. ಹೋದವರೆಲ್ಲರೂ ಹೀಗೆ ಹಿಂತಿರುಗಲಿಲ್ಲ.

ಬೋಯಿಂಗ್, ಏರ್‌ಬಸ್ ಮೊದಲಾದ ಪರದೇಶದ ಸಂಸ್ಥೆಗಳು ಈ ಶತಮಾನದಲ್ಲಿ ಬೆಂಗಳೂರಿನಲ್ಲಿಯೇ ಕೇಂದ್ರಗಳನ್ನು ತೆರೆದಿರುವುದರಿಂದ ಸರ್ಕಾರದ ಏಕಸ್ವಾಮ್ಯವು ಸಡಿಲವಾಗಿದೆ. ವಿಮಾನದ ಒಂದೊಂದು ಅಂಗದ ಗಣಿತದಲ್ಲಿ ನಮ್ಮ ಪದವೀಧರರು ಅಲ್ಲಿ ನಿಪುಣರಾಗುತ್ತಿದ್ದಾರೆ. ಆದರೆ ಅಂಗವನ್ನು ಬಲ್ಲುದು ಬೇರೆ, ಅಂಗಿಯನ್ನು ಕಲ್ಪಿಸುವುದು ಬೇರೆ. ಎಂಟು ದಶಕಗಳ ಈ ಚರಿತ್ರೆಯಿಂದ ಸಿದ್ಧವಾಗುವುದು ಇಷ್ಟು: ವಿಮಾನಶಾಸ್ತ್ರಜ್ಞನ ಏಳಿಗೆಯನ್ನು ನಿರ್ಣಯಿಸುವುದು ವಿದ್ಯಾಲಯಗಳ ಸಂಖ್ಯೆಯಲ್ಲ, ಸಂಬಳದ ಮೊತ್ತವೂ ಅಲ್ಲ, ನಾಡು ತನ್ನದೇ ಆದ ವಿಮಾನವನ್ನು ಕಟ್ಟಬೇಕೆಂದು ಎಷ್ಟು ಸಲ ಸಂಕಲ್ಪಿಸುವುದೋ, ಆ ಸಂಕಲ್ಪವನ್ನು ಎಷ್ಟು ಕಾಲ ಬಿಡದೆ ಹಿಡಿಯುವುದೋ ಅದು.