ಸೇನಾಧಿಕಾರಿ ತರಬೇತಿ: ಕೋಲಾರದ ಅಭ್ಯರ್ಥಿಗಳ ದೈಹಿಕ ಸಿದ್ಧತೆ

ಕೋಲಾರ, ಮಾಲೂರು, ಮುಳಬಾಗಿಲು ಹಾಗೂ ಶ್ರೀನಿವಾಸಪುರ ತಾಲ್ಲೂಕುಗಳ ಪದವೀಧರರಿಗೆ ಅತಿ ಸಮೀಪದ ಸೇನಾ ಅಕಾಡೆಮಿ ಎಂದರೆ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿ (ಒಟಿಎ). 1963ರಲ್ಲಿ ತರಬೇತಿ ಶಾಲೆಯಾಗಿ ಆರಂಭಗೊಂಡ ಈ ಸಂಸ್ಥೆ 1988ರಲ್ಲಿ ಅಕಾಡೆಮಿ ಎಂಬ ಹೆಸರು ಪಡೆಯಿತು. 1992ರಿಂದ ಇಲ್ಲಿ ಮಹಿಳೆಯರಿಗೂ ತರಬೇತಿ ನೀಡಲಾಗುತ್ತಿದೆ. ಅಲ್ಪಾವಧಿ ಸೇವೆಗೆ ಆಯ್ಕೆಯಾದವರ ತರಬೇತಿ 49 ವಾರಗಳದು.

ಕೇಂದ್ರ ಲೋಕಸೇವಾ ಆಯೋಗದ ಸಿಡಿಎಸ್ ಪರೀಕ್ಷೆ ಒಂದು ದಾರಿ. ಎನ್‌ಸಿಸಿ ‘ಸಿ’ ಪ್ರಮಾಣಪತ್ರ ಪಡೆದವರಿಗೆ ಲಿಖಿತ ಪರೀಕ್ಷೆಯಿಲ್ಲದ ಇನ್ನೊಂದು ದಾರಿಯಿದೆ. ಎರಡರಲ್ಲೂ ಐದು ದಿನಗಳ ಎಸ್‌ಎಸ್‌ಬಿ ಸಂದರ್ಶನ ಅನಿವಾರ್ಯ. ಅದರ ಒಂದು ಕೇಂದ್ರ ಬೆಂಗಳೂರಿನಲ್ಲೇ ಇದೆ. ಅಲ್ಲಿನ ಅಡೆತಡೆ ಓಟವನ್ನು ಕಂಡು, ದೇಹಬಲದ ಕಠಿಣ ಪರೀಕ್ಷೆ ಮುಗಿಯಿತೆಂದು ಭಾವಿಸುವವರು ಹಲವರು. ನಿಜವಾದ ಪರೀಕ್ಷೆ ಆರಂಭವಾಗುವುದು ಅಕಾಡೆಮಿಯಲ್ಲಿ.

ಹಿಂದಿನ ಅಧಿಸೂಚನೆಗಳಲ್ಲಿ 2.4 ಕಿ.ಮೀ. ದೂರವನ್ನು 15 ನಿಮಿಷಗಳಲ್ಲಿ ಓಡುವಷ್ಟು ಸಿದ್ಧತೆ ಸಾಕೆಂದಿತ್ತು. ಪದವೀಧರ ಎಂಜಿನಿಯರುಗಳ ಇತ್ತೀಚಿನ ನೇಮಕಾತಿ ಅಧಿಸೂಚನೆಗಳು ಅದೇ ದೂರಕ್ಕೆ 10 ನಿಮಿಷ 30 ಸೆಕೆಂಡುಗಳನ್ನು ಸೂಚಿಸಿವೆ. ಜೊತೆಗೆ 40 ಪುಷ್‌ಅಪ್, 6 ಪುಲ್‌ಅಪ್, 30 ಸಿಟ್‌ಅಪ್ ಹಾಗೂ ತಲಾ 30ರಂತೆ ಎರಡು ಸುತ್ತು ಬಸ್ಕಿ. ಈಜಿನ ಪ್ರಾಥಮಿಕ ಪರಿಚಯವೂ ಇರಬೇಕು. ಅಕಾಡೆಮಿಯಲ್ಲಿ ಇದರ ಮೇಲೆ ಹಗ್ಗ ಹತ್ತುವುದು, ಒಂಬತ್ತು ಅಡಿ ಹಳ್ಳ ಜಿಗಿಯುವುದು, ಬೂಟು, ಬಂದೂಕು, ಹೊರೆಯೊಂದಿಗೆ 5 ಕಿ.ಮೀ. ಓಡುವುದು ಸೇರಿಕೊಳ್ಳುತ್ತವೆ. ನಿಗದಿತ ಮಟ್ಟ ತಲುಪದವರನ್ನು ಹಿಂದಿನ ಅವಧಿಗೆ ಇಳಿಸುವುದುಂಟು.

ಓಟಕ್ಕೆ ಜಿಲ್ಲೆಯಲ್ಲಿ ಕೊರತೆಯಿಲ್ಲ. ಕೋಲಾರದವರಿಗೆ ಅಂತರಗಂಗೆ ಬೆಟ್ಟದ ಮೆಟ್ಟಿಲುಗಳಿವೆ. ಶ್ರೀನಿವಾಸಪುರದವರಿಗೆ ಮಾವಿನ ತೋಪುಗಳ ನಡುವಿನ ಮಣ್ಣಿನ ಹಾದಿಗಳು ಡಾಂಬರಿಗಿಂತ ಮೇಲು, ಮೊಣಕಾಲಿಗೆ ಹಿತ. ತೊಡಕಿರುವುದು ಈಜಿನಲ್ಲಿ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಯಿದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಹಲವು ಕೆರೆಗಳು ತುಂಬಿದ್ದರೂ ಆ ನೀರು ಬೆಂಗಳೂರಿನ ಸಂಸ್ಕರಿತ ತ್ಯಾಜ್ಯನೀರು. ಅದರಲ್ಲಿ ಇಳಿದು ಕಲಿಯುವ ಸಾಹಸ ಬೇಡ. ತರಬೇತುದಾರರಿರುವ ಈಜುಕೊಳಕ್ಕೆ ಬೆಂಗಳೂರಿಗೆ ಹೋದರೂ ಖರ್ಚು ದಂಡವಲ್ಲ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದ ಒಣಹವೆಯಲ್ಲಿ ಬೆಳೆದವರಿಗೆ ಚೆನ್ನೈನ ತೇವಭರಿತ ಸೆಖೆಯೂ ಹೊಸದು. ಬೆವರು ಆರದ ಆ ಹವೆಗೆ ದೇಹ ಹೊಂದಿಕೊಳ್ಳಲು ಒಂದೆರಡು ವಾರ ಬೇಕು.

ಅವಸರದ ಅಭ್ಯಾಸ ಅಪಾಯಕಾರಿ. ಓಟದ ದೂರವನ್ನು ಏಕಾಏಕಿ ಹೆಚ್ಚಿಸಿದರೆ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಮೂಡಬಹುದು. ನೋವನ್ನು ಮರೆಮಾಚಿ ಓಡಿದವರಲ್ಲಿ ಅದು ಪೂರ್ಣ ಮುರಿತಕ್ಕೂ ತಿರುಗಬಹುದು. ಆರು ತಿಂಗಳ ಮುನ್ನವೇ ನಿಧಾನವಾಗಿ ಆರಂಭಿಸುವುದು ಲೇಸು.

ತರಬೇತಿಯಲ್ಲಿ ಗಾಯಗೊಂಡು ಅಂಗವೈಕಲ್ಯದಿಂದ ಹೊರಬಿದ್ದ ಕೆಡೆಟ್‌ಗಳಿಗೆ, ಇನ್ನೂ ಅಧಿಕಾರಿಯಾಗಿ ನೇಮಕಗೊಂಡಿರದ ಕಾರಣ, ಮಾಜಿ ಸೈನಿಕರ ಸ್ಥಾನಮಾನ ದೊರೆತಿರಲಿಲ್ಲ. 1985ರಿಂದೀಚೆಗೆ ಸುಮಾರು 500 ಮಂದಿ ಹೀಗೆ ಹೊರಬಂದಿದ್ದಾರೆಂದು ಪತ್ರಿಕೆಗಳು ವರದಿ ಮಾಡಿದ್ದವು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಈ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ವಿಚಾರಣೆ ನಡೆಸಿದ ಪೀಠದಲ್ಲಿ ಕನ್ನಡತಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದರು. ಮಕ್ಕಳನ್ನು ಅಕಾಡೆಮಿಗೆ ಕಳುಹಿಸುವ ಪೋಷಕರು ತರಬೇತಿ ಅವಧಿಯ ವಿಮೆ ಹಾಗೂ ಪರಿಹಾರದ ನಿಯಮಗಳನ್ನು ಸೇರ್ಪಡೆಗೆ ಮುನ್ನವೇ ಓದಿಕೊಳ್ಳಬೇಕು.