ದೂರ ಸಿಕ್ಕಿತು, ಹೊತ್ತು ಸಿಗಲಿಲ್ಲ

ಚೆನ್ನೈನ ಮೀನಂಬಾಕ್ಕಂ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಸೇಂಟ್ ಥಾಮಸ್ ಮೌಂಟ್ ಇದೆ. ತಮಿಳರ ಬಾಯಲ್ಲಿ ಪರಂಗಿಮಲೈ. 1802ರ ಏಪ್ರಿಲ್‌ನಲ್ಲಿ ವಿಲಿಯಂ ಲ್ಯಾಂಬ್ಟನ್ ಭಾರತವನ್ನು ಅಳೆಯಲು ಏಳೂವರೆ ಮೈಲಿ ಉದ್ದದ ಆಧಾರರೇಖೆ ಹಾಕಿದ್ದು ಈ ಗುಡ್ಡದ ಬುಡದಿಂದ. ನೂರಡಿಯ ಉಕ್ಕಿನ ಸರಪಳಿ. ಬಿಸಿಲಿಗೆ ಉಕ್ಕು ಹಿಗ್ಗುತ್ತದೆಂದು ಅದನ್ನು ಮರದ ತೊಟ್ಟಿಗಳಲ್ಲಿ ಮಲಗಿಸಿ, ಮೇಲೆ ಡೇರೆ ಹೊದಿಸಿ, ಪಕ್ಕದಲ್ಲಿ ಉಷ್ಣಮಾಪಕ ಇಟ್ಟು ಅಳೆದರು. 57 ದಿನ ಹಿಡಿಯಿತು. ಅಲ್ಲಿಂದ ತ್ರಿಕೋನಕ್ಕೆ ತ್ರಿಕೋನ ಜೋಡಿಸುತ್ತ ಬೆಂಗಳೂರಿಗೆ ಬಂದು, 1804ರಲ್ಲಿ ಇನ್ನೊಂದು ರೇಖೆ ಅಳೆದು ತಾಳೆ ನೋಡಿದರೆ ಲೆಕ್ಕಕ್ಕೂ ಸರಪಳಿಗೂ ಕೆಲವೇ ಇಂಚಿನ ವ್ಯತ್ಯಾಸ! ಮಂಗಳೂರು ಮುಟ್ಟುವಷ್ಟರಲ್ಲಿ, ಹಳೆಯ ನಕಾಶೆಗಳಲ್ಲಿ ಸುಮಾರು 400 ಮೈಲಿ ಇದ್ದ ದಕ್ಷಿಣ ಭಾರತದ ಅಗಲ 360ಕ್ಕೆ ಇಳಿದಿತ್ತು.

ಇಂಥ ಅಳತೆಯಿಂದ ಊರುಗಳ ಅಕ್ಷಾಂಶ, ರೇಖಾಂಶ ಗೊತ್ತಾದ ಮೇಲೆ ಅವುಗಳ ನಡುವಿನ ದೂರಕ್ಕೆ ಉಳಿದದ್ದು ಗೋಳದ ಮೇಲಿನ ತ್ರಿಕೋನಮಿತಿ. ಅದು ಹಡಗಿನವರಿಗೆ ಹಳೆಯ ವಿದ್ಯೆ. 1835ರಲ್ಲಿ ಜೇಮ್ಸ್ ಇನ್‌ಮನ್ ಹೆಸರಿಟ್ಟ ‘ಹ್ಯಾವರ್‌ಸೈನ್’ ಎಂಬ ತ್ರಿಕೋನಮಿತಿಯ ಫಲನ ಇಂದಿನ ಎಷ್ಟೋ ಆ್ಯಪ್‌ಗಳೊಳಗೂ ಕೂತಿದೆ. ಆದರೆ ಭೂಮಿ ಪೂರ್ತಿ ಗುಂಡಗಿಲ್ಲ: ಸಮಭಾಜಕದಲ್ಲಿ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357. ಆ ಚಪ್ಪಟೆಯನ್ನೂ ಲೆಕ್ಕಕ್ಕೆ ಹಿಡಿದು ಮಿಲಿಮೀಟರಿನ ಮಟ್ಟಕ್ಕೆ ಉತ್ತರ ಕೊಡುವ ಸೂತ್ರವನ್ನು ಥಡಿಯಸ್ ವಿನ್ಸೆಂಟಿ 1975ರಲ್ಲಿ ಪ್ರಕಟಿಸಿದರು. ದೂರದ ತಕರಾರು ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು.

ಚೆನ್ನೈನಿಂದ ಲಂಡನ್ನಿನ ಹೀಥ್ರೋಗೆ ಅತಿ ಹತ್ತಿರದ ದಾರಿ ಸುಮಾರು 8,230 ಕಿ.ಮೀ. ಮರ್ಕೇಟರ್ ನಕಾಶೆಯ ಮೇಲೆ ಅಡಿಪಟ್ಟಿ ಇಟ್ಟು ಗೆರೆ ಎಳೆಯಿರಿ: ಅದು ಬೆಳಗಾವಿಯ ಸಮೀಪ ಹಾದು ಅರಬ್ಬಿ ಸಮುದ್ರದತ್ತ ಸಾಗುತ್ತದೆ. ಗೋಳದ ಮೇಲೆ ದಾರ ಬಿಗಿದು ನೋಡಿ: ರಾಯಚೂರಿನ ನೆತ್ತಿಯ ಮೇಲೆ ಹೋಗುತ್ತದೆ. ನಕಾಶೆಯಲ್ಲಿ ನೆಟ್ಟಗೆ ಕಾಣುವ ಗೆರೆಯೇ 250 ಕಿ.ಮೀ.ಯಷ್ಟು ಸುತ್ತು.

ಹೊತ್ತಿನ ಕಥೆ ಬೇರೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ತಂದ ಅಂಚೆಯನ್ನು ನೆವಿಲ್ ವಿನ್ಸೆಂಟ್ ಬಳ್ಳಾರಿ ಮಾರ್ಗವಾಗಿ ಮದ್ರಾಸಿಗೆ ಮುಟ್ಟಿಸಿದರು. ಗಂಟೆಗೆ 160 ಕಿ.ಮೀ. ಆಸುಪಾಸಿನ ಪುಟ್ಟ ಪುಸ್ ಮಾತ್ ವಿಮಾನ, ರೇಡಿಯೋ ಇಲ್ಲ. ಅಂಥದ್ದಕ್ಕೆ ಎದುರುಗಾಳಿ ಬೀಸಿದರೆ ಹೊತ್ತಿನ ಅಂದಾಜೇ ತಲೆಕೆಳಗು. ಇಂದಿನ ಜೆಟ್ ಗಂಟೆಗೆ 850 ಕಿ.ಮೀ. ದಾಟಿದರೂ ಗಾಳಿಯ ಹಂಗು ತಪ್ಪಿಲ್ಲ: ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಜೆಟ್ ಸ್ಟ್ರೀಮ್‌ನಿಂದಾಗಿ ಲಂಡನ್‌ಗೆ ಹೋಗುವುದಕ್ಕಿಂತ ಬರುವುದು ಸಾಮಾನ್ಯವಾಗಿ ಬೇಗ. ಗಾಳಿಯ ಜತೆಗೆ ರಾಜಕೀಯವೂ ಇದೆ. 2019ರ ಫೆಬ್ರುವರಿಯಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶ ಮುಚ್ಚಿತು. ಪೂರ್ತಿ ತೆರೆದದ್ದು ಜುಲೈ 16ಕ್ಕೆ. ಆ ಅವಧಿಯಲ್ಲಿ ಇಂಡಿಗೋದ ದೆಹಲಿ–ಇಸ್ತಾಂಬುಲ್ ವಿಮಾನ ಇಂಧನಕ್ಕಾಗಿ ದೋಹಾದಲ್ಲಿ ಇಳಿಯಬೇಕಾಯಿತು. ಯಾವ ಸೂತ್ರದಲ್ಲೂ ಇದಕ್ಕೊಂದು ಅಕ್ಷರವಿಲ್ಲ.

ಲೆಕ್ಕ ಹೆಚ್ಚು ಎಡವುವುದು ಮಾತ್ರ ಹತ್ತಿರದ ಊರುಗಳಲ್ಲೇ. ಚೆನ್ನೈ–ಬೆಂಗಳೂರು 268 ಕಿ.ಮೀ.; ಪೂರ್ಣ ವೇಗದಲ್ಲಿ 20 ನಿಮಿಷವೂ ಬೇಡ. ಟಿಕೆಟ್‌ನಲ್ಲಿ ಮಾತ್ರ ಒಂದು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು. ಅದು ವಿಮಾನ ನಿಂತಲ್ಲಿಂದ ಕದಲಿ ಇನ್ನೊಂದೆಡೆ ನಿಲ್ಲುವವರೆಗಿನ ಅವಧಿ: ರನ್‌ವೇ ಸರದಿ, ಏರಿಕೆ, ಇಳಿಕೆ, ತಡವಾದರೆ ಇರಲೆಂದು ಸೇರಿಸಿದ ನಿಮಿಷಗಳು, ಎಲ್ಲವೂ ಅದರೊಳಗೆ. ಕೈಲೆಕ್ಕಕ್ಕೆ ದೂರವನ್ನು 800ರಿಂದ ಭಾಗಿಸಿ ಅರ್ಧ ಗಂಟೆ ಕೂಡಿದರೆ ಸಾಕು. ಪಶ್ಚಿಮದ ದೂರ ಪ್ರಯಾಣವಾದರೆ ಇನ್ನಷ್ಟು ಕೂಡಿಕೊಳ್ಳಬೇಕು.