ಕಬಡ್ಡಿಯ ಕ್ಯಾಚರ್: ಮಣ್ಣಿನ ಅಂಕಣದಿಂದ ಮ್ಯಾಟ್‌ವರೆಗೆ

ಕಬಡ್ಡಿ ತಂಡವೊಂದರಿಂದ ಅಂಕಣಕ್ಕೆ ಇಳಿಯುವವರು ಏಳು ಮಂದಿ. ಎದುರಾಳಿ ರೈಡ್‌ಗೆ ಬಂದಾಗ ಈ ಏಳೂ ಮಂದಿ ಹಿಡಿಯುವವರೇ. ಎಡದಿಂದ ಬಲಕ್ಕೆ ಅವರು ನಿಲ್ಲುವ ಜಾಗಗಳು ಲೆಫ್ಟ್ ಕಾರ್ನರ್, ಲೆಫ್ಟ್ ಇನ್, ಲೆಫ್ಟ್ ಕವರ್, ಸೆಂಟರ್, ರೈಟ್ ಕವರ್, ರೈಟ್ ಇನ್, ರೈಟ್ ಕಾರ್ನರ್. ಇನ್ ಮತ್ತು ಸೆಂಟರ್ ಜಾಗಗಳಲ್ಲಿ ಸಾಮಾನ್ಯವಾಗಿ ರೈಡರ್‌ಗಳು ನಿಂತಿರುತ್ತಾರೆ. ಎರಡು ಕಾರ್ನರ್, ಎರಡು ಕವರ್ ಮಾತ್ರ ಹಿಡಿತವನ್ನೇ ಕಸುಬಾಗಿಸಿಕೊಂಡವರ ಪಾಲು. ಹೀಗೆ ಹಿಡಿಯುವವನು ಹಾವೇರಿ, ಬ್ಯಾಡಗಿ ಕಡೆಯ ಮೈದಾನಗಳಲ್ಲಿ ಕ್ಯಾಚರ್. ಟಿವಿ ವೀಕ್ಷಕ ವಿವರಣೆಯಲ್ಲಿ ಡಿಫೆಂಡರ್. ಕಬಡ್ಡಿ ಟಿವಿಗೆ ಬಂದ ಮೇಲೆ ಆಟವೆಂದರೆ ರೈಡ್, ಹಿಡಿತವೆಂದರೆ ರೈಡರ್ ಎಡವಿದಾಗ ತಾನಾಗಿ ಆಗುವ ಘಟನೆ ಎಂಬ ತಿಳಿವಳಿಕೆ ಬೇರೂರಿದೆ. ಆಟ ಬೆಳೆದು ಬಂದ ದಾರಿಯಾಗಲಿ, ಪ್ರಶಸ್ತಿ ಗೆದ್ದ ತಂಡಗಳ ಪಟ್ಟಿಯಾಗಲಿ ಈ ಮಾತಿಗೆ ಪುಷ್ಟಿ ಕೊಡುವುದಿಲ್ಲ.

ಆಟದ ಲಿಖಿತ ನಿಯಮಗಳ ಚರಿತ್ರೆ ಮಹಾರಾಷ್ಟ್ರದಲ್ಲಿ 1918ರ ಸುಮಾರಿಗೆ ಶುರುವಾಗುತ್ತದೆ. 1936ರಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿ ಬರ್ಲಿನ್ ಒಲಿಂಪಿಕ್ಸ್ ವೇಳೆ ಪ್ರದರ್ಶನ ನೀಡಿತು. 1950ರಲ್ಲಿ ಅಖಿಲ ಭಾರತ ಫೆಡರೇಷನ್ ಹುಟ್ಟಿತು, 1952ರಲ್ಲಿ ಮದ್ರಾಸಿನಲ್ಲಿ ಪುರುಷರ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆಯಿತು. ಇಷ್ಟು ಎಲ್ಲ ಪುಸ್ತಕಗಳಲ್ಲೂ ಇದೆ. ಹಿಡಿಯುವವನ ಮಟ್ಟಿಗೆ ಮುಖ್ಯವಾದದ್ದು ಬೇರೆ: ಹಳೆಯ ಮೂರು ಪದ್ಧತಿಗಳಲ್ಲಿ ಯಾವುದು ಉಳಿಯಿತು ಎಂಬುದು. ಅಮರ್ ಪದ್ಧತಿಯಲ್ಲಿ ಔಟಾದವನೂ ಅಂಕಣದಲ್ಲೇ ಇರುತ್ತಿದ್ದ, ಅಂಕವಷ್ಟೇ ಲೆಕ್ಕ. ಗಾಮಿನಿಯಲ್ಲಿ ಔಟಾದವನು ತಂಡವೆಲ್ಲ ಖಾಲಿಯಾಗುವವರೆಗೂ ಹೊರಗೆ. ಸಂಜೀವಿನಿಯಲ್ಲಿ ಎದುರಾಳಿ ಒಬ್ಬ ಔಟಾದರೆ ತನ್ನವನೊಬ್ಬ ಒಳಗೆ ಬರುತ್ತಾನೆ. ಇಂದಿನ ಕಬಡ್ಡಿ ಸಂಜೀವಿನಿಯ ಮಗು. ಆದ್ದರಿಂದ ಒಂದು ಕ್ಯಾಚ್ ಎಂದರೆ ಒಂದು ಅಂಕ, ಮರಳಿ ಬರುವ ಒಬ್ಬ ಆಟಗಾರ, ಜೊತೆಗೆ ಎದುರಾಳಿಯ ಅತ್ಯುತ್ತಮ ರೈಡರ್ ಒಂದಷ್ಟು ಹೊತ್ತು ಬೆಂಚಿನ ಮೇಲೆ. ಮೂರನೆಯ ಲಾಭವನ್ನು ಬರೆದಿಡುವ ಕಾಲಂ ಯಾವ ಅಂಕಪಟ್ಟಿಯಲ್ಲೂ ಇಲ್ಲ.

ಮಣ್ಣಿನ ಕಾಲ ಕ್ಯಾಚರ್‌ಗಳನ್ನು ತಯಾರಿಸಿದ ಕಾಲ. ಹಾವೇರಿ ಇನ್ನೂ ಧಾರವಾಡ ಜಿಲ್ಲೆಯಲ್ಲಿದ್ದ 1997ಕ್ಕೆ ಮುಂಚಿನ ದಿನಗಳಲ್ಲಿ, ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ ಜಾತ್ರೆಗಳ ಜೊತೆ ಕಬಡ್ಡಿ ಪಂದ್ಯಾವಳಿಗಳೂ ಬರುತ್ತಿದ್ದವು. ಎರೆ ಮಣ್ಣು ಒಣಗಿದರೆ ಬಿರಿಯುತ್ತದೆ, ನೀರು ಬಿದ್ದರೆ ಕಾಲಿಗೆ ಮೆತ್ತುತ್ತದೆ. ಹಾಗಾಗಿ ಅಂಕಣಕ್ಕೆ ಮಸಾರಿಯೇ ಆಗಬೇಕು. ಕಲ್ಲು ಆರಿಸಿ, ನೀರು ಚಿಮುಕಿಸಿ, ಸುಣ್ಣದಲ್ಲಿ ಗೆರೆ ಹಾಕಿದರೆ ಸಂಜೆಗೆ ಆಟ. ಬಹುಮಾನ ನಗದು ಮತ್ತು ಢಾಲು. ಬರಿಗಾಲಿನ ಆಟವಾದ್ದರಿಂದ ಬೆವರು, ಮಣ್ಣು ಕೂಡಿದ ಕಾಲನ್ನು ಜಾರದಂತೆ ಹಿಡಿಯುವ ಕೈ ಆ ಪೀಳಿಗೆಗೆ ದಕ್ಕಿತ್ತು. ಅವರಿಗೆ ಕೋಚ್ ಇರಲಿಲ್ಲ; ಊರಿನ ಹಳೆಯ ಆಟಗಾರನೊಬ್ಬ ಗೆರೆಯಾಚೆ ಕುಕ್ಕರಗಾಲಲ್ಲಿ ಕೂತು ‘ಕೈ ಬಿಡಬ್ಯಾಡ್ರಲೇ’ ಎಂದು ಕೂಗುತ್ತಿದ್ದ. ಕೈ ಎಂದರೆ ಸರಪಳಿ: ಕಾರ್ನರ್ ಮತ್ತು ಇನ್, ಕವರ್ ಮತ್ತು ಸೆಂಟರ್ ಪರಸ್ಪರ ಕೈ ಹಿಡಿದು ಒಟ್ಟಿಗೆ ಮುಂದೆ ಸರಿಯುವುದು, ಒಟ್ಟಿಗೆ ಹಿಂದೆ ಸರಿಯುವುದು. ಹಿಡಿತದ ಪಾಠದಲ್ಲಿ ಅರ್ಧ ಇದೇ.

ಉಳಿದರ್ಧ ಕಾರ್ನರ್‌ನ ಆ್ಯಂಕಲ್ ಹೋಲ್ಡ್. ಬೋನಸ್ ಗೆರೆ ದಾಟಲು ರೈಡರ್ ಮುಂಗಾಲು ಚಾಚಿ ಹಿಂಗಾಲು ಎತ್ತಬೇಕು. ಆ ಕ್ಷಣ ಅವನ ಮೈಭಾರವೆಲ್ಲ ಮುಂಗಾಲಿನ ಮೇಲೆ. ಕಾರ್ನರ್ ಅಲ್ಲಿಯವರೆಗೆ ಮೊಣಕಾಲು ಬಗ್ಗಿಸಿ, ರೈಡರ್‌ನ ಮುಖ ನೋಡದೆ, ಸೊಂಟ ನೋಡುತ್ತ ನಿಂತಿರಬೇಕು. ಮುಖ ಸುಳ್ಳು ಹೇಳಬಹುದು, ಸೊಂಟಕ್ಕೆ ಅದು ಬಾರದು. ಎಗರಿದವನು ಎರಡೂ ಕೈಯಿಂದ ಹರಡು ಬಿಗಿಹಿಡಿದು ಕಾಲನ್ನು ತನ್ನ ಎದೆಗೆ ಎಳೆದುಕೊಳ್ಳುತ್ತಾನೆ. ಹಿಡಿದಲ್ಲೇ ನೆಲಕ್ಕೆ ಒತ್ತಿದರೆ ರೈಡರ್ ಇನ್ನೊಂದು ಕಾಲಿನಿಂದ ಒದೆದು ನಡುಗೆರೆಯತ್ತ ಹಾರುತ್ತಾನೆ. ಎಳೆದ ಅರ್ಧ ಸೆಕೆಂಡಿನಲ್ಲಿ ಕವರ್ ಬಂದು ನಡುಗೆರೆಯ ದಾರಿಗೆ ಅಡ್ಡ ನಿಲ್ಲದಿದ್ದರೆ ಎಷ್ಟೇ ಒಳ್ಳೆಯ ಹಿಡಿತವೂ ವ್ಯರ್ಥ. ಆದರೂ ಟ್ಯಾಕಲ್ ಅಂಕ ಬರೆಯುವುದು ಒಬ್ಬನ ಹೆಸರಿಗೆ. ಅಡ್ಡ ನಿಂತವನು ಅಂದು ಏನೂ ಮಾಡಲಿಲ್ಲ ಎಂದೇ ದಾಖಲೆ.

ದೀಪಾವಳಿಯ ಹೊತ್ತಿಗೆ ಈ ಸೀಮೆಯಲ್ಲಿ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಯಲ್ಲೂ ಹೀಗೆಯೇ. ಕೊಬ್ಬರಿ ಸರ ಹೊತ್ತು ಓಡುವ ಹೋರಿಗೆ ಹೆಸರುಂಟು, ಫ್ಲೆಕ್ಸ್ ಉಂಟು, ಅಭಿಮಾನಿ ಬಳಗವುಂಟು. ಅದರ ಕೊರಳಿಗೆ ಜೋತುಬಿದ್ದು ಕೊಬ್ಬರಿ ಹರಿದವನ ಹೆಸರು ಮರುದಿನಕ್ಕೆ ಯಾರಿಗೂ ನೆನಪಿರುವುದಿಲ್ಲ.

1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಲ್ಲಿ ಕಬಡ್ಡಿಗೆ ಪದಕ ಸಿಕ್ಕಿದ್ದು ಕರ್ನಾಟಕದ ಆಟಕ್ಕೂ ತಿರುವು. ಕಬಡ್ಡಿ ಆಡಿದವನಿಗೆ ಪೊಲೀಸ್, ರೈಲ್ವೆ, ಬ್ಯಾಂಕುಗಳಲ್ಲಿ ಕ್ರೀಡಾ ಕೋಟಾದ ನೌಕರಿಯ ಬಾಗಿಲು ಇನ್ನಷ್ಟು ತೆರೆಯಿತು. ಕರ್ನಾಟಕ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಗಳಲ್ಲಿ ಆಡಿ, ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ ‘ಬ್ಲೂ’ ಎನಿಸಿಕೊಂಡು, ಇಲಾಖೆಯ ತಂಡ ಸೇರುವುದು ರಾಣೆಬೆನ್ನೂರಿನ ಹುಡುಗನಿಗೂ ಕಾಣುವ ದಾರಿಯಾಯಿತು. ರಾಜ್ಯದ ಆಟಗಾರರಾದ ಸಿ. ಹೊನ್ನಪ್ಪ ಅವರಿಗೆ 2000ದ, ಬಿ.ಸಿ. ರಮೇಶ್ ಅವರಿಗೆ 2001ರ ಅರ್ಜುನ ಪ್ರಶಸ್ತಿ ಬಂದವು. ಮಹಿಳೆಯರಲ್ಲಿ ತೇಜಸ್ವಿನಿ ಬಾಯಿ (2011), ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ (2014) ಆ ಸಾಲಿಗೆ ಸೇರಿದರು. ಈ ಪೀಳಿಗೆಯನ್ನು ಪದಕಗಳಿಂದ ಅಳೆಯುವುದೇ ರೂಢಿ. ಅದರ ದೊಡ್ಡ ಕೊಡುಗೆ ತರಬೇತಿಯಲ್ಲಿದೆ. ಮಣ್ಣಿನಲ್ಲಿ ಆಡಿ, ಮ್ಯಾಟ್ ಮೇಲೆ ಕಲಿಸಿದವರು ಇವರು. ಮ್ಯಾಟ್ ಬಂದಾಗ ಆಟ ವೇಗವಾಯಿತು, ರೈಡರ್ ಶೂ ತೊಟ್ಟ, ಹರಡಿನ ಹಿಡಿತದ ಲೆಕ್ಕವೇ ಬದಲಾಯಿತು. ಎದೆಗೊಟ್ಟು ಗೆರೆಯಾಚೆ ನೂಕುವ ಡ್ಯಾಶ್‌ಗೆ, ಬ್ಲಾಕ್‌ಗೆ ಬೆಲೆ ಬಂತು. ಈ ಬದಲಾವಣೆಯನ್ನು ತಮ್ಮ ಮೈಯಲ್ಲೇ ಅನುಭವಿಸಿದವರಿಗೆ ಅದನ್ನು ಬಿಡಿಸಿ ಹೇಳುವುದೂ ಗೊತ್ತಿತ್ತು.

2014ರ ಜುಲೈಯಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾಯಿತು. ಮೂರು ಅಥವಾ ಅದಕ್ಕಿಂತ ಕಡಿಮೆ ಮಂದಿ ಉಳಿದಿದ್ದಾಗ ಹಿಡಿದರೆ ಹೆಚ್ಚುವರಿ ಅಂಕ ಕೊಡುವ ಸೂಪರ್ ಟ್ಯಾಕಲ್, ಎರಡು ರೈಡ್ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕಾದ ಡೂ ಆರ್ ಡೈ, ಇವೆರಡೂ ಕ್ಯಾಚರ್‌ಗೆ ಅನುಕೂಲವಾದ ನಿಯಮಗಳೇ. ಆದರೆ ಪ್ರಚಾರ ರೈಡರ್‌ಗೆ ಹೋಯಿತು. ಒಂದು ಪಂದ್ಯದಲ್ಲಿ ರೈಡರ್ ಹತ್ತು ಅಂಕ ತಂದರೆ ಸೂಪರ್ 10, ಡಿಫೆಂಡರ್ ಐದು ತಂದರೆ ಹೈ 5. ಅಳತೆಗೋಲು ಬೇರೆ ಇರಬೇಕೆಂದು ಲೀಗ್‌ಗೇ ತಿಳಿದಿತ್ತು. ಐದನೆಯ ಆವೃತ್ತಿಯಲ್ಲಿ ಪ್ರದೀಪ್ ನರ್ವಾಲ್ 369 ರೈಡ್ ಅಂಕ ಗಳಿಸಿದ್ದನ್ನು ಎಲ್ಲರೂ ಬಲ್ಲರು. ಆರನೆಯ ಆವೃತ್ತಿಯಲ್ಲಿ ಯುಪಿ ಯೋಧಾದ ನಿತೇಶ್ ಕುಮಾರ್ ಒಂದೇ ಆವೃತ್ತಿಯಲ್ಲಿ 100 ಟ್ಯಾಕಲ್ ಅಂಕ ಮುಟ್ಟಿದ ಮೊದಲ ಆಟಗಾರನಾದ ಸಂಗತಿ ಬಲ್ಲವರು ಕಡಿಮೆ. ರೈಡರ್ ಒಂದೇ ರೈಡ್‌ನಲ್ಲಿ ಮೂರು ನಾಲ್ಕು ಅಂಕ ತರಬಹುದು; ಕ್ಯಾಚರ್ ಪ್ರಾಣ ಒತ್ತೆಯಿಟ್ಟರೂ ಒಂದು, ಹೆಚ್ಚೆಂದರೆ ಎರಡು. 369 ಮತ್ತು 100 ಎಂಬ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ಯಾರು ದೊಡ್ಡವರೆಂದು ಕೇಳುವುದು ಕಬಡ್ಡಿ ಗೊತ್ತಿದ್ದವರು ಮಾಡುವ ಕೆಲಸವಲ್ಲ.

ಹಣ ಹೂಡಿದವರು ಇದನ್ನು ಬೇಗ ಅರಿತರು. 2018ರ ಹರಾಜಿನಲ್ಲಿ ಒಂದು ಕೋಟಿ ರೂಪಾಯಿ ಮುಟ್ಟಿದ ಮೊದಲ ಆಟಗಾರ ರೈಡರ್ ಅಲ್ಲ, ಇರಾನಿನ ಲೆಫ್ಟ್ ಕಾರ್ನರ್ ಫಜಲ್ ಅತ್ರಾಚಲಿ. ಅದೇ ವರ್ಷ ಜಕಾರ್ತದಲ್ಲಿ, 1990ರಿಂದ ಏಳು ಏಷ್ಯನ್ ಗೇಮ್ಸ್‌ಗಳಲ್ಲೂ ಚಿನ್ನ ಗೆದ್ದಿದ್ದ ಭಾರತದ ಪುರುಷರು ಸೆಮಿಫೈನಲ್‌ನಲ್ಲಿ ಇರಾನಿಗೆ 18–27ರಿಂದ ಸೋತರು. ಮಹಿಳೆಯರು ಫೈನಲ್‌ನಲ್ಲಿ ಅದೇ ದೇಶಕ್ಕೆ 24–27ರಿಂದ ಸೋತರು. ಇರಾನ್ ಕುಸ್ತಿಯ ನಾಡು. ಮೈ ಬಳಸಿ ಹಿಡಿಯುವ, ಹಿಡಿದವನನ್ನು ಎತ್ತಿ ಸಮತೋಲ ತಪ್ಪಿಸುವ ವಿದ್ಯೆ ಅಲ್ಲಿಂದ ಕಬಡ್ಡಿಗೆ ಬಂತು. ಹತ್ತನೆಯ ಆವೃತ್ತಿಗೆ ಪುಣೇರಿ ಪಲ್ಟನ್ ಮತ್ತೊಬ್ಬ ಇರಾನಿ ಮೊಹಮ್ಮದ್‌ರೆಜಾ ಶಾದ್ಲೂಯಿಗೆ 2.35 ಕೋಟಿ ಕೊಟ್ಟಿತು. ಅವರು 99 ಟ್ಯಾಕಲ್ ಅಂಕ ಗಳಿಸಿದರು. 2024ರ ಮಾರ್ಚ್ 1ರಂದು ಪುಣೇರಿ 28–25ರಿಂದ ಹರಿಯಾಣ ಸ್ಟೀಲರ್ಸ್ ತಂಡವನ್ನು ಮಣಿಸಿ ಪ್ರಶಸ್ತಿ ಎತ್ತಿತು. ಇಷ್ಟು ಕಡಿಮೆ ಅಂಕದ ಫೈನಲ್ ಎಂದರೆ ಹಿಡಿತದ ಫೈನಲ್. ಆ ತಂಡದ ಕೋಚ್ ಕರ್ನಾಟಕದ ಬಿ.ಸಿ. ರಮೇಶ್, 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೂ ಪ್ರಶಸ್ತಿ ತಂದುಕೊಟ್ಟವರು.

ಹೆಸರು ಬಾರದಿದ್ದರೂ ಬೆಲೆ ಬಾಳುವ, ಕ್ಯಾಚರ್‌ಗಳಂಥದೇ ಒಂದು ಪಂಗಡ ಅಮೆರಿಕನ್ ಫುಟ್‌ಬಾಲ್‌ನಲ್ಲೂ ಇದೆ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಮುಂದೆ ಗೋಡೆಯಂತೆ ನಿಲ್ಲುವ ಐವರು ಲೈನ್‌ಮನ್‌ಗಳು. ಅವರು ಚೆಂಡು ಹಿಡಿದು ಓಡುವವರಲ್ಲ, ಅಂಕ ಗಳಿಸುವವರೂ ಅಲ್ಲ. ತಪ್ಪು ಮಾಡಿದಾಗ ಮಾತ್ರ ಅವರ ಹೆಸರು ಕೇಳಿಬರುತ್ತದೆ. ಆದರೂ ಬಲಗೈ ಆಟಗಾರನ ಕಣ್ಣಿಗೆ ಬೀಳದ ಎಡಬದಿಯನ್ನು ಕಾಯುವ ಲೆಫ್ಟ್ ಟ್ಯಾಕಲ್ ಇಂದು ಅಲ್ಲಿ ಹೆಚ್ಚು ಸಂಬಳದ ಆಟಗಾರರಲ್ಲಿ ಒಬ್ಬ.

ಕ್ಯಾಚರ್‌ನ ವೃತ್ತಿ ಜೀವನ ಉದ್ದವಲ್ಲ. ಶಾಲಾ ಕ್ರೀಡಾಕೂಟ, ಕ್ರೀಡಾ ವಸತಿ ನಿಲಯ ಅಥವಾ ಕಾಲೇಜು, ಇಲಾಖೆಯ ತಂಡ, ಅದೃಷ್ಟವಿದ್ದರೆ ಲೀಗ್. ದೇಹ ದಪ್ಪ ಬೇಕು, ಆದರೆ ಲೀಗ್‌ನಲ್ಲಿ 85 ಕಿಲೋ ಮೀರುವಂತಿಲ್ಲ. ತೂಕದ ದಿನ ಹತ್ತಿರ ಬಂದಂತೆ ರೊಟ್ಟಿ ಎಣಿಸಿ ತಿನ್ನಬೇಕು. ರೈಡರ್‌ಗೆ ಬೀಳುವ ಪೆಟ್ಟು ಟಿವಿಯಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಭುಜ ಜಾರುವುದು, ಬೆರಳು ಮುರಿಯುವುದು, ಬೇರೆಯವರ ಮೈ ಮೇಲೆ ಬಿದ್ದು ಮೊಣಕಾಲಿನ ಲಿಗಮೆಂಟ್ ಹರಿಯುವುದು ಕ್ಯಾಚರ್‌ನ ದಿನನಿತ್ಯದ ಲೆಕ್ಕ. ಮೂವತ್ತರ ಆಸುಪಾಸಿಗೆ ಕಾರ್ನರ್‌ನ ಎಗರುವಿಕೆ ಅರ್ಧ ಹೆಜ್ಜೆ ಕಡಿಮೆಯಾಗುತ್ತದೆ. ಬುದ್ಧಿವಂತನಾದವನು ಕವರ್‌ಗೆ ಸರಿಯುತ್ತಾನೆ. ಅಲ್ಲಿ ಕಾಲಿಗಿಂತ ತಾಳ್ಮೆಗೆ ಕೆಲಸ ಹೆಚ್ಚು.

ಕರ್ನಾಟಕದಿಂದ ಲೀಗ್‌ನಲ್ಲಿ ಹೆಸರು ಮಾಡಿದವರನ್ನು ನೆನೆದರೆ ಮೊದಲು ಬರುವವರು ಸುಕೇಶ್ ಹೆಗ್ಡೆ ಮತ್ತು ಪ್ರಶಾಂತ್ ಕುಮಾರ್ ರೈ. ಒಬ್ಬರು ಐದನೆಯ ಆವೃತ್ತಿಯಲ್ಲಿ ಗುಜರಾತ್ ತಂಡವನ್ನು, ಇನ್ನೊಬ್ಬರು ಎಂಟನೆಯದರಲ್ಲಿ ಪಟ್ನಾ ಪೈರೇಟ್ಸ್ ತಂಡವನ್ನು ಫೈನಲ್‌ಗೆ ಕೊಂಡೊಯ್ದ ನಾಯಕರು. ಇಬ್ಬರೂ ಕರಾವಳಿಯವರು, ಇಬ್ಬರೂ ರೈಡರ್‌ಗಳು. ಬೆಂಗಳೂರು ಬುಲ್ಸ್ ತನ್ನ ಕಾರ್ನರ್‌ಗೆ ಸೌರಭ್ ನಂದಲ್ ಅವರಂಥ ಆಟಗಾರರನ್ನು ಹರಿಯಾಣದಿಂದ ತಂದಿತು. ರಾಜ್ಯದ ಉತ್ತರ ಭಾಗದಲ್ಲಿ ಗರಡಿ ಮನೆಗಳಿವೆ, ಮಟ್ಟಿಯಲ್ಲಿ ಮೈ ಬಳಸಿ ಹಿಡಿಯಲು ಬಲ್ಲ ಹುಡುಗರಿದ್ದಾರೆ. ಇರಾನ್ ಮಾಡಿದಂತೆ ಗರಡಿಯಿಂದ ಕಬಡ್ಡಿಗೆ ದಾರಿ ಮಾಡುವ ಯತ್ನ ಇಲ್ಲಿ ಕಂಡಿಲ್ಲ. ಶಾಲಾ ಆಯ್ಕೆಗಳಲ್ಲಿ ಹುಡುಗನನ್ನು ನೋಡುವುದೇ ರೈಡ್ ಮಾಡಿಸಿ. ಚುರುಕಾದವನು ರೈಡರ್ ಆಗುತ್ತಾನೆ, ಉಳಿದವನನ್ನು ಕಾರ್ನರ್‌ಗೆ ನಿಲ್ಲಿಸುತ್ತಾರೆ. ಸರಪಳಿಯನ್ನು ಜೋಡಿಯಾಗಿ ಪರೀಕ್ಷಿಸುವ ಪದ್ಧತಿ ಅಪರೂಪ. ಮ್ಯಾಟ್ ಇಲ್ಲದ ಊರಿನಲ್ಲಿ ಬರಿಗಾಲು ಹಿಡಿದು ಕಲಿತ ಹುಡುಗ ಶೂ ತೊಟ್ಟ ಕಾಲನ್ನು ಮೊದಲ ಬಾರಿ ಹಿಡಿಯುವುದು ಆಯ್ಕೆ ಶಿಬಿರದಲ್ಲೇ.